ಬೈಜಿಕ ಸಮ್ಮಿಲನ ಸಂಶೋಧನೆ: ರಾಜ್ಯ ಸರ್ಕಾರದ ಪಾಲು ಎಷ್ಟು?

ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ರಸ್ತೆಯಲ್ಲಿ, ಕೃಷ್ಣಾ ನದಿಯ ಸೇತುವೆ ಸಿಗುವ ಮುನ್ನ, ಶಕ್ತಿನಗರದ ಎತ್ತರದ ಚಿಮಣಿಗಳನ್ನು ನೀವು ನೋಡಿರಬಹುದು. ಅದು ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ. ರಾಜ್ಯ ಸರ್ಕಾರದ ಒಡೆತನದಲ್ಲಿರುವ ಕರ್ನಾಟಕ ವಿದ್ಯುತ್ ನಿಗಮವು ಅದರ ಮೊದಲ ಘಟಕವನ್ನು 1985ರಲ್ಲಿ ಚಾಲನೆಗೆ ತಂದಿತು. ತಲಾ 210 ಮೆಗಾವಾಟಿನ ಏಳು ಘಟಕಗಳು, 250 ಮೆಗಾವಾಟಿನ ಒಂದು ಘಟಕ, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್.

ಈ ಕೇಂದ್ರ ಒಂದು ದಿನ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಎಷ್ಟು ಕಲ್ಲಿದ್ದಲು ಬೇಕು? ತರಗತಿಯಲ್ಲೇ ಲೆಕ್ಕ ಹಾಕಬಹುದು. ಉಷ್ಣವನ್ನು ವಿದ್ಯುತ್ತಾಗಿಸುವ ದಕ್ಷತೆ ಶೇಕಡ 35 ಎಂದುಕೊಳ್ಳಿ. ಆಗ ಕುಲುಮೆಯಲ್ಲಿ ಸುಮಾರು 4,900 ಮೆಗಾವಾಟ್ ಉಷ್ಣ ಹುಟ್ಟಬೇಕು. ಇದನ್ನು ದಿನದ 86,400 ಸೆಕೆಂಡುಗಳಿಂದ ಗುಣಿಸಿ, ಕಿಲೋಗ್ರಾಮಿಗೆ 16 ಮೆಗಾಜೂಲ್ ಕೊಡುವ ನಮ್ಮ ದೇಶದ ಸಾಧಾರಣ ಕಲ್ಲಿದ್ದಲಿನ ಲೆಕ್ಕದಲ್ಲಿ ಭಾಗಿಸಿದರೆ ಸಿಗುವ ಉತ್ತರ ಸುಮಾರು 26,500 ಟನ್. ಎಂದರೆ ದಿನಕ್ಕೆ ಆರೇಳು ಗೂಡ್ಸ್ ರೈಲುಗಳ ತುಂಬ ಕಲ್ಲಿದ್ದಲು. ಅದರಲ್ಲಿ ಮೂರನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯ ವಿಷಯ ಶಕ್ತಿನಗರದ ಸುತ್ತಲಿನ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೇ ವಿದ್ಯುತ್ತನ್ನು ಬೈಜಿಕ ಸಮ್ಮಿಲನದಿಂದ ಪಡೆಯುವುದಾದರೆ? ಹೈಡ್ರೊಜನ್ನಿನ ಎರಡು ಸಮಸ್ಥಾನಿಗಳಾದ ಡ್ಯೂಟೀರಿಯಮ್ ಮತ್ತು ಟ್ರಿಟಿಯಮ್‌ಗಳ ನ್ಯೂಕ್ಲಿಯಸ್‌ಗಳು ಕೂಡಿಕೊಂಡಾಗ ಒಂದು ಹೀಲಿಯಮ್ ನ್ಯೂಕ್ಲಿಯಸ್ ಮತ್ತು ಒಂದು ನ್ಯೂಟ್ರಾನ್ ಹುಟ್ಟುತ್ತವೆ. ಹುಟ್ಟಿದವುಗಳ ಒಟ್ಟು ದ್ರವ್ಯರಾಶಿ ಕೂಡಿಕೊಂಡವುಗಳಿಗಿಂತ ತುಸು ಕಡಿಮೆ. ಆ ಕೊರತೆಯೇ 17.6 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಾಗಿ ಹೊರಬರುತ್ತದೆ. ದಕ್ಷತೆಯನ್ನು ಶೇಕಡ 40 ಎಂದು ಇಟ್ಟುಕೊಂಡು ಲೆಕ್ಕ ಮಾಡಿ ನೋಡಿ. ದಿನವೊಂದಕ್ಕೆ ಉರಿಯುವ ಇಂಧನ ಸುಮಾರು 1.1 ಕಿಲೋಗ್ರಾಮ್! ಅದರಲ್ಲಿ ಡ್ಯೂಟೀರಿಯಮ್ 0.44 ಕಿಲೋಗ್ರಾಮ್, ಟ್ರಿಟಿಯಮ್ 0.66 ಕಿಲೋಗ್ರಾಮ್. ಒಂದು ಲೀಟರ್ ನೀರಿನಲ್ಲಿ ಸುಮಾರು 33 ಮಿಲಿಗ್ರಾಮ್ ಡ್ಯೂಟೀರಿಯಮ್ ಇರುವುದರಿಂದ, ಬೇಸಿಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವಂಥ ಒಂದು ದೊಡ್ಡ ಟ್ಯಾಂಕರ್ ನೀರಿನಲ್ಲಿ ಆ ದಿನದ ಡ್ಯೂಟೀರಿಯಮ್ ಅಡಗಿರುತ್ತದೆ. ಅದನ್ನು ಬೇರ್ಪಡಿಸುವ ವಿದ್ಯೆಯೂ ನಮ್ಮ ದೇಶಕ್ಕೆ ಹೊಸದಲ್ಲ. ಸಿಂಗರೇಣಿ ಕಲ್ಲಿದ್ದಲಿನ ಸೀಮೆಯಲ್ಲೇ ಇರುವ ತೆಲಂಗಾಣದ ಮಣುಗೂರಿನಲ್ಲಿ ಭಾರಜಲ ಸ್ಥಾವರವಿದೆ.

ಲೆಕ್ಕ ಇಷ್ಟು ಸುಲಭವಾಗಿದ್ದರೂ ಸಮ್ಮಿಲನದ ವಿದ್ಯುತ್ ಇನ್ನೂ ಯಾರ ಮನೆಯ ದೀಪವನ್ನೂ ಬೆಳಗಿಸಿಲ್ಲ. ಕಾರಣ ನಿಮಗೆ ಗೊತ್ತಿರುವ ಕೂಲಂಬನ ನಿಯಮ. ಎರಡೂ ನ್ಯೂಕ್ಲಿಯಸ್‌ಗಳು ಧನ ವಿದ್ಯುದಾವೇಶ ಹೊತ್ತಿರುವುದರಿಂದ ಒಂದನ್ನೊಂದು ವಿಕರ್ಷಿಸುತ್ತವೆ. ಅವು ಬೈಜಿಕ ಬಲದ ಹಿಡಿತಕ್ಕೆ ಸಿಗುವಷ್ಟು ಹತ್ತಿರ ಬರಬೇಕಾದರೆ ಅತಿ ವೇಗದಲ್ಲಿ ಚಲಿಸಬೇಕು. ಅದಕ್ಕೆ ಬೇಕಾದ ಉಷ್ಣತೆ 10ರಿಂದ 15 ಕೋಟಿ ಡಿಗ್ರಿ ಸೆಲ್ಸಿಯಸ್, ಎಂದರೆ ಸೂರ್ಯನ ಒಡಲಿನ ಉಷ್ಣತೆಯ ಹತ್ತು ಪಟ್ಟು. ಸೂರ್ಯನಿಗೆ ಅಗಾಧ ಗಾತ್ರವೂ ಗುರುತ್ವವೂ ಇವೆ, ಅವಸರವಿಲ್ಲ. ನಮಗೆ ಅವೆರಡೂ ಇಲ್ಲದ ಕಾರಣ ಉಷ್ಣತೆಯನ್ನು ಏರಿಸಿಕೊಳ್ಳಬೇಕಾಗಿದೆ. ಅಂಥ ಉಷ್ಣತೆಯಲ್ಲಿ ಅನಿಲವು ಎಲೆಕ್ಟ್ರಾನ್‌ಗಳು ಬೇರ್ಪಟ್ಟ ಪ್ಲಾಸ್ಮಾ ಆಗುತ್ತದೆ. ಅದನ್ನು ಹಿಡಿದಿಡುವ ಪಾತ್ರೆ ಯಾವ ಲೋಹದಿಂದಲೂ ಆಗದು. ಆದರೆ ಆವೇಶವುಳ್ಳ ಕಣಗಳು ಕಾಂತಕ್ಷೇತ್ರದ ರೇಖೆಗಳಿಗೆ ಸುತ್ತಿಕೊಂಡು ಚಲಿಸುತ್ತವೆ. ಆದ್ದರಿಂದ ಉದ್ದಿನ ವಡೆಯ ಆಕಾರದ ನಿರ್ವಾತ ಕೋಶವೊಂದರ ಸುತ್ತ ಪ್ರಬಲ ಕಾಂತಗಳನ್ನು ಜೋಡಿಸಿ, ಪ್ಲಾಸ್ಮಾ ಗೋಡೆಗೆ ತಾಗದಂತೆ ತೇಲಿಸಿಡುತ್ತಾರೆ. ಇದೇ ಟೋಕಾಮಾಕ್.

ಈ ಕ್ಷೇತ್ರದ ಸುದ್ದಿ ಓದುವಾಗ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. 2022ರ ಡಿಸೆಂಬರಿನಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಇಂಧನದ ಗುಳಿಗೆಯತ್ತ 2.05 ಮೆಗಾಜೂಲ್ ಲೇಸರ್ ಶಕ್ತಿ ಹರಿಸಿ 3.15 ಮೆಗಾಜೂಲ್ ಸಮ್ಮಿಲನ ಶಕ್ತಿ ಪಡೆದರು. ಇದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ಆ ಲೇಸರುಗಳನ್ನು ನಡೆಸಲು ತಂತಿಯಿಂದ ಪಡೆದ ವಿದ್ಯುತ್ ಸುಮಾರು 300 ಮೆಗಾಜೂಲ್. ಇಂಗ್ಲೆಂಡಿನ ಜೆಟ್ ಟೋಕಾಮಾಕ್ 2023ರಲ್ಲಿ ಸುಮಾರು ಐದು ಸೆಕೆಂಡುಗಳಲ್ಲಿ 69 ಮೆಗಾಜೂಲ್ ನೀಡಿ ತನ್ನ ಕೆಲಸ ಮುಗಿಸಿತು. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ವೆಸ್ಟ್ ಯಂತ್ರ ಪ್ಲಾಸ್ಮಾವನ್ನು 22 ನಿಮಿಷ ಹಿಡಿದಿಟ್ಟಿತು. ಭಾರತವೂ ಸೇರಿ ಏಳು ಪಾಲುದಾರರು ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಯಂತ್ರಕ್ಕೆ 50 ಮೆಗಾವಾಟ್ ತಾಪನ ಪಡೆದು 500 ಮೆಗಾವಾಟ್ ಸಮ್ಮಿಲನ ಶಕ್ತಿ ಕೊಡುವ ಗುರಿಯಿದೆ. 2024ರಲ್ಲಿ ಪ್ರಕಟವಾದ ಹೊಸ ವೇಳಾಪಟ್ಟಿಯಂತೆ ಅದರಲ್ಲಿ ಡ್ಯೂಟೀರಿಯಮ್-ಟ್ರಿಟಿಯಮ್ ಪ್ರಯೋಗಗಳು 2039ರ ಹೊತ್ತಿಗೆ. ಈಗ ಬಿ.ಎಸ್ಸಿ. ಓದುತ್ತಿರುವವರು ಆಗ ಮೂವತ್ತೈದರ ಆಸುಪಾಸಿನಲ್ಲಿರುತ್ತಾರೆ.

ಕೇಂದ್ರದ ಕೈಯಲ್ಲಿ ಏನಿದೆ, ರಾಜ್ಯದ ಕೈಯಲ್ಲಿ ಏನಿದೆ

ಇಂಥ ಸಂಶೋಧನೆಗೆ ರಾಜ್ಯ ಸರ್ಕಾರವೊಂದು ನೆರವಾಗಬಹುದೇ ಎಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಮೊದಲು ಕಾನೂನು ನೋಡೋಣ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪರಮಾಣು ಶಕ್ತಿ ಕೇಂದ್ರ ಪಟ್ಟಿಗೆ ಸೇರಿದೆ. 1962ರ ಪರಮಾಣು ಶಕ್ತಿ ಕಾಯಿದೆಯ ವ್ಯಾಖ್ಯೆ ವಿದಳನವನ್ನಷ್ಟೇ ಅಲ್ಲದೆ ಸಮ್ಮಿಲನವನ್ನೂ ಹೆಸರಿಸಿತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಶಾಂತಿ ಕಾಯಿದೆ ಅದರ ಸ್ಥಾನಕ್ಕೆ ಬಂದು ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಆದರೂ ಹಿಡಿತ ಕೇಂದ್ರದ್ದೇ. ಆದರೆ ಭೂಮಿ ರಾಜ್ಯ ಪಟ್ಟಿಯಲ್ಲಿದೆ, ವಿದ್ಯುತ್ ಮತ್ತು ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿವೆ. ಸಮ್ಮಿಲನ ಸ್ಥಾವರವೆಂಬುದು ಬರೀ ಪ್ಲಾಸ್ಮಾ ಅಲ್ಲವಲ್ಲ.

ನಮ್ಮ ದೇಶದ ಉದಾಹರಣೆ ಗುಜರಾತಿನದು. 1982ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಣದಿಂದ ಪ್ಲಾಸ್ಮಾ ಭೌತವಿಜ್ಞಾನ ಕಾರ್ಯಕ್ರಮ ಆರಂಭವಾಯಿತು. 1986ರಲ್ಲಿ ಅದು ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಾಯಿತು. ಅದರ ಮೊದಲ ನಿರ್ದೇಶಕರು ಪ್ರೆಧಿಮನ್ ಕೃಷನ್ ಕಾವ್. 1989ರಲ್ಲಿ ಅಲ್ಲಿ 'ಆದಿತ್ಯ' ಎಂಬ ಟೋಕಾಮಾಕ್ ಕೆಲಸ ಆರಂಭಿಸಿತು, ಅತಿವಾಹಕ ಕಾಂತಗಳುಳ್ಳ 'ಎಸ್‌ಎಸ್‌ಟಿ-1' 2013ರಲ್ಲಿ ತನ್ನ ಮೊದಲ ಪ್ಲಾಸ್ಮಾ ಕಂಡಿತು. ಹಣವೆಲ್ಲ ಕೇಂದ್ರದ್ದೇ. ಹಾಗಿದ್ದರೂ ಅದೇ ರಾಜ್ಯದ ಹಜೀರಾದಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಾರ್ಖಾನೆ ಈಟರ್‌ಗಾಗಿ ಸುಮಾರು 30 ಮೀಟರ್ ಅಗಲದ, 3,850 ಟನ್ ತೂಕದ ಕ್ರಯೊಸ್ಟಾಟನ್ನು ಭಾಗಭಾಗವಾಗಿ ತಯಾರಿಸಿ ಹಡಗಿನಲ್ಲಿ ಕಳಿಸಿತು. ಬೆಸುಗೆ ಹಾಕುವವರು, ನಿರ್ವಾತ ಪಂಪು ಬಲ್ಲವರು, ಅಳತೆ ಮಾಡುವವರು ಇವರೆಲ್ಲ ಇಂಥ ಕೆಲಸದ ಜತೆಯಲ್ಲೇ ಬೆಳೆಯುತ್ತಾರೆ.

ನಮಗೆ ಹೆಚ್ಚು ಕುತೂಹಲ ಹುಟ್ಟಿಸುವ ಉದಾಹರಣೆ ಅಮೆರಿಕದ ಟೆನೆಸೀ ರಾಜ್ಯದ್ದು. ಅಲ್ಲಿನ ರಾಜ್ಯ ಸರ್ಕಾರ 2023ರಲ್ಲಿ ಪರಮಾಣು ಶಕ್ತಿಗೆಂದೇ 5 ಕೋಟಿ ಡಾಲರಿನ ನಿಧಿ ಸ್ಥಾಪಿಸಿತು. ಅದರ ಮೊದಲ ನೆರವು ಪಡೆದದ್ದು ಟೈಪ್ ಒನ್ ಎನರ್ಜಿ ಎಂಬ ಸಮ್ಮಿಲನ ಕಂಪನಿ. ಅದು ತನ್ನ ಪ್ರಾಯೋಗಿಕ ಯಂತ್ರಕ್ಕೆ ಆರಿಸಿಕೊಂಡ ಜಾಗ ಯಾವುದು ಗೊತ್ತೇ? 2023ರ ಕೊನೆಯಲ್ಲಿ ಮುಚ್ಚಿದ ಬುಲ್ ರನ್ ಕಲ್ಲಿದ್ದಲು ವಿದ್ಯುತ್ ಕೇಂದ್ರ. ಇದರಲ್ಲಿ ಒಂದು ಸರಳ ಭೌತಶಾಸ್ತ್ರ ಇದೆ. ಸಮ್ಮಿಲನದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು, ಅಂದರೆ 14.1 ಮೆಗಾ ಎಲೆಕ್ಟ್ರಾನ್ ವೋಲ್ಟನ್ನು, ಆವೇಶವಿಲ್ಲದ ನ್ಯೂಟ್ರಾನ್ ಹೊತ್ತು ಹೊರಡುತ್ತದೆ. ಕಾಂತಕ್ಷೇತ್ರ ಅದನ್ನು ತಡೆಯಲಾರದು. ಅದು ಗೋಡೆಯ ದಪ್ಪ ಹೊದಿಕೆಯಲ್ಲಿ ನಿಂತು ಅದನ್ನು ಕಾಯಿಸುತ್ತದೆ. ಆ ಶಾಖದಿಂದ ನೀರು ಉಗಿಯಾಗಿ ಟರ್ಬೈನ್ ತಿರುಗುತ್ತದೆ. ಅಲ್ಲಿಂದ ಮುಂದಿನದೆಲ್ಲ ಶಕ್ತಿನಗರದಲ್ಲಿ ಈಗ ಇರುವಂಥದ್ದೇ: ಜನರೇಟರ್, ಟ್ರಾನ್ಸ್‌ಫಾರ್ಮರ್, ಪ್ರಸರಣ ಮಾರ್ಗ, ತಂಪಿಗೆ ನದಿಯ ನೀರು, ಮೂರು ಪಾಳಿಯಲ್ಲಿ ದುಡಿಯಬಲ್ಲ ತಂತ್ರಜ್ಞರು. ನಾಲ್ಕು ದಶಕ ದಾಟಿದ ನಮ್ಮ ಹಳೆಯ ಘಟಕಗಳು ಒಂದಲ್ಲ ಒಂದು ದಿನ ನಿವೃತ್ತಿಯಾಗಲೇಬೇಕು. ಆಗ ಆ ಜಾಗಕ್ಕೆ, ಆ ಕೆಲಸಗಾರರಿಗೆ ಏನು ಎಂಬ ಪ್ರಶ್ನೆ ಕೇಂದ್ರದ್ದಲ್ಲ, ರಾಜ್ಯದ್ದು. ಉತ್ತರ ಸಮ್ಮಿಲನವೇ ಆಗಬೇಕೆಂದೇನೂ ಇಲ್ಲ, ಸೌರ ವಿದ್ಯುತ್ತೂ ಆಗಬಹುದು. ಆದರೆ ಮಾರ್ಗಗಳನ್ನೂ ನೀರಿನ ಹಕ್ಕನ್ನೂ ಚೆಲ್ಲಾಪಿಲ್ಲಿ ಮಾಡಿದ ಮೇಲೆ ಯಾವ ಉತ್ತರಕ್ಕೂ ದುಬಾರಿ ಬೆಲೆ ತೆರಬೇಕಾಗುತ್ತದೆ.

ಇನ್ನು ಟ್ರಿಟಿಯಮ್. ಇದು ವಿಕಿರಣಪಟು, ಅರ್ಧಾಯು 12.3 ವರ್ಷ. ಆದ್ದರಿಂದ ಗಣಿಯಲ್ಲೂ ಸಮುದ್ರದಲ್ಲೂ ಅಗೆದು ತೆಗೆಯುವಷ್ಟು ಸಿಗುವುದಿಲ್ಲ. ಮೇಲಿನ ಲೆಕ್ಕದ ಸ್ಥಾವರಕ್ಕೆ ವರ್ಷಕ್ಕೆ ಸುಮಾರು 240 ಕಿಲೋಗ್ರಾಮ್ ಬೇಕು. ಜಗತ್ತಿನ ನಾಗರಿಕ ಬಳಕೆಯ ದಾಸ್ತಾನು ಕೆಲವು ಹತ್ತು ಕಿಲೋಗ್ರಾಮ್ ಮಾತ್ರ! ಹೀಗಾಗಿ ಸ್ಥಾವರವೇ ತನ್ನ ಟ್ರಿಟಿಯಮ್ಮನ್ನು ಹುಟ್ಟಿಸಿಕೊಳ್ಳಬೇಕು. ಹೊದಿಕೆಯಲ್ಲಿ ಲಿಥಿಯಮ್ ಇಟ್ಟರೆ, ಲಿಥಿಯಮ್-6 ನ್ಯೂಕ್ಲಿಯಸ್ ನ್ಯೂಟ್ರಾನನ್ನು ನುಂಗಿ ಟ್ರಿಟಿಯಮ್ ಮತ್ತು ಹೀಲಿಯಮ್ ಆಗಿ ಒಡೆಯುತ್ತದೆ. ಪ್ರಕೃತಿಯಲ್ಲಿ ಸಿಗುವ ಲಿಥಿಯಮ್ಮಿನಲ್ಲಿ ಈ ಸಮಸ್ಥಾನಿ ಶೇಕಡ 7.5 ಮಾತ್ರ. ಹೊದಿಕೆಯಲ್ಲಿ ತುಂಬಿಡಬೇಕಾದ ಮೊತ್ತವನ್ನು ಬಿಟ್ಟರೆ, ದಿನಕ್ಕೆ ಸುಮಾರು 20 ಕಿಲೋಗ್ರಾಮ್ ಲಿಥಿಯಮ್ಮಿನಿಂದ ಬೇಕಾದಷ್ಟು ಲಿಥಿಯಮ್-6 ದೊರೆಯುತ್ತದೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಮ್ ಇದೆಯೆಂದು ಅಂದಾಜು ಮಾಡಿದೆ. ನಮ್ಮದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಸುತ್ತಲಿನ ಪೆಗ್ಮಟೈಟ್ ಶಿಲೆಗಳಲ್ಲೂ ಲಿಥಿಯಮ್ ಖನಿಜಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. 2023ರ ತಿದ್ದುಪಡಿಯ ನಂತರ ಲಿಥಿಯಮ್ ಪರಮಾಣು ಖನಿಜಗಳ ಪಟ್ಟಿಯಿಂದ ಹೊರಬಂದಿದೆ. ಹರಾಜು ಹಾಕುವುದು ಕೇಂದ್ರ, ಆದಾಯ ಸೇರುವುದು ರಾಜ್ಯಕ್ಕೆ. ಬ್ಯಾಟರಿಯ ಬೇಡಿಕೆಯ ಮುಂದೆ ಸಮ್ಮಿಲನದ ಬೇಡಿಕೆ ಇಂದು ಏನೂ ಅಲ್ಲ ಎಂಬುದನ್ನೂ ಹೇಳಿಬಿಡುವುದು ಲೇಸು.

ಮೂಲವಿಜ್ಞಾನಕ್ಕೆ ನೆರವಾಗುವುದು ನಮ್ಮ ನಾಡಿಗೆ ಹೊಸ ಅಭ್ಯಾಸವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಮೀನು ಕೊಟ್ಟಿತು. ಒಂದು ಶತಮಾನದ ನಂತರ ಚಳ್ಳಕೆರೆಯ ಬಳಿ ಕೇಂದ್ರದ ವಿಜ್ಞಾನ ಸಂಸ್ಥೆಗಳಿಗೆ ರಾಜ್ಯ ಸರ್ಕಾರ ಸಾವಿರಾರು ಎಕರೆ ಕೊಟ್ಟಾಗ, ಅದು ದನಕುರಿ ಮೇಯುವ ಅಮೃತಮಹಲ್ ಕಾವಲಾಗಿದ್ದ ಕಾರಣ ವಿವಾದ ಹಸಿರು ನ್ಯಾಯಪೀಠದವರೆಗೆ ಹೋಯಿತು. ಭೂಮಿ ಕೊಡುವುದು ಸುಲಭದ ನೆರವೆಂದು ಕಂಡರೂ ಅದರ ಬೆಲೆಯನ್ನು ಬೇರೆ ಯಾರೋ ತೆತ್ತಿರುತ್ತಾರೆ. ಈಗಾಗಲೇ ಕೈಗಾರಿಕೆ ನಿಂತಿರುವ ಶಕ್ತಿನಗರದಂಥ ಜಾಗಕ್ಕೆ ನಾನು ಒತ್ತು ಕೊಡುವುದು ಇದಕ್ಕೇ. 2025ರಲ್ಲಿ ಕರ್ನಾಟಕ ಸರ್ಕಾರ ಕ್ವಾಂಟಮ್ ತಂತ್ರಜ್ಞಾನಕ್ಕೆ 1,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿದ್ದನ್ನು ನೋಡಿದರೆ, ಮನಸ್ಸಿದ್ದಲ್ಲಿ ರಾಜ್ಯವೂ ಭೌತವಿಜ್ಞಾನದ ಮುಂಚೂಣಿಗೆ ಹಣ ಹೂಡಬಲ್ಲದು ಎಂಬುದು ಸ್ಪಷ್ಟ.

ಹಾಗೆಂದು ರಾಜ್ಯದ ಹಣದಲ್ಲಿ ಟೋಕಾಮಾಕ್ ಕಟ್ಟಬೇಕೆಂದು ನಾನು ಹೇಳಲಾರೆ. ಅದು ಗಾಂಧಿನಗರದವರ ಕೆಲಸ. ಅವರೂ ಎಸ್‌ಎಸ್‌ಟಿ-1ರಲ್ಲಿ ಸಾವಿರ ಸೆಕೆಂಡಿನ ಗುರಿಯಿಟ್ಟುಕೊಂಡು ಇನ್ನೂ ಒಂದು ಸೆಕೆಂಡಿನ ಒಳಗಿನ ಅವಧಿಗಳೊಡನೆ ಹೆಣಗಿದವರು. ರಾಜ್ಯಕ್ಕೆ ತಕ್ಕ ಕೆಲಸ ಇನ್ನೂ ಕೆಳಗಿದೆ, ಪದವಿ ಕಾಲೇಜುಗಳಲ್ಲಿ. ದೇವದುರ್ಗ ಅಥವಾ ಮಾನ್ವಿಯಲ್ಲಿ ಬಿ.ಎಸ್ಸಿ. ಓದುವ ಹುಡುಗಿಗೆ ಪ್ಲಾಸ್ಮಾ ಎಂದರೆ 'ದ್ರವ್ಯದ ನಾಲ್ಕನೆಯ ಸ್ಥಿತಿ' ಎಂಬ ಒಂದು ಅಂಕದ ಉತ್ತರ, ಅಷ್ಟೇ. ಆಕೆ ಅದನ್ನು ಕಣ್ಣಾರೆ ನೋಡಲು ಬೇಕಾದ ಸಲಕರಣೆ ಹೆಚ್ಚೇನಲ್ಲ. ಎರಡು ಲೋಹದ ಬಿಲ್ಲೆಗಳನ್ನು ಅಳವಡಿಸಿದ ಗಾಜಿನ ಕೊಳವೆ, ರೋಟರಿ ನಿರ್ವಾತ ಪಂಪು, ಒತ್ತಡ ಮಾಪಕ, ಸಾವಿರ ವೋಲ್ಟಿನ ಸುರಕ್ಷಿತ ನೇರ ವಿದ್ಯುತ್ ಮೂಲ, ಕೆಲವು ಲಕ್ಷ ರೂಪಾಯಿಗಳ ಒಳಗಿನ ಮಾತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ವರ್ಷಗಳ ಆಯವ್ಯಯದಲ್ಲಿ ಘೋಷಣೆಯಾದ ಮೊತ್ತ ವರ್ಷಕ್ಕೆ 5,000 ಕೋಟಿ. ಅದರಲ್ಲಿ ರಸ್ತೆ, ಕಟ್ಟಡಗಳ ಜತೆಗೆ ಇಂಥ ಪ್ರಯೋಗಾಲಯಕ್ಕೂ ಒಂದು ಚಿಕ್ಕ ಪಾಲು ಸಿಗಬಾರದೇ?

ಕೊಳವೆಯ ಗಾಳಿಯನ್ನು ಪಂಪಿನಿಂದ ಸ್ವಲ್ಪ ಸ್ವಲ್ಪವೇ ತೆಗೆಯುತ್ತ, ಪ್ರತಿ ಒತ್ತಡದಲ್ಲೂ ಎಷ್ಟು ವೋಲ್ಟಿಗೆ ನೇರಳೆ-ಗುಲಾಬಿ ಬೆಳಕು ಹೊತ್ತುತ್ತದೆ ಎಂದು ಬರೆದಿಟ್ಟುಕೊಳ್ಳಿ. ಒತ್ತಡ ಮತ್ತು ಬಿಲ್ಲೆಗಳ ನಡುವಿನ ಅಂತರದ ಗುಣಲಬ್ಧವನ್ನು ಅಡ್ಡ ಅಕ್ಷದಲ್ಲೂ ವೋಲ್ಟೇಜನ್ನು ಲಂಬ ಅಕ್ಷದಲ್ಲೂ ಗುರುತಿಸಿದರೆ ಪಾಶೆನ್ನನ ವಕ್ರರೇಖೆ ಮೂಡುತ್ತದೆ. ವೋಲ್ಟೇಜ್ ಮೊದಲು ಇಳಿದು, ಗಾಳಿಗೆ ಸುಮಾರು 330 ವೋಲ್ಟಿನ ಹತ್ತಿರ ತಳ ಮುಟ್ಟಿ, ಮತ್ತೆ ಏರುತ್ತದೆ. ಏರುವುದೇಕೆ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಗಾಳಿ ತೀರ ವಿರಳವಾದಾಗ ಎಲೆಕ್ಟ್ರಾನ್ ಯಾವ ಅಣುವಿಗೂ ಡಿಕ್ಕಿ ಹೊಡೆಯದೆ ಎದುರಿನ ಬಿಲ್ಲೆ ಸೇರಿಬಿಡುತ್ತದೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ಟೋಕಾಮಾಕಿನಲ್ಲಿ ಪ್ಲಾಸ್ಮಾ ಹೊತ್ತಿಸುವ ಮೊದಲ ಗಳಿಗೆಯಲ್ಲೂ ಇದೇ ತೊಡಕು ಎದುರಾಗುತ್ತದೆ. ತುಂಬಿಸುವ ಅನಿಲದ ಒತ್ತಡ ಹೆಚ್ಚಾದರೂ ಹೊತ್ತದು, ಕಡಿಮೆಯಾದರೂ ಹೊತ್ತದು.