ಮೊಳೆಗಾರರು ಕಟ್ಟಿದ ರಂಗ

ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದ ಕಮ್ಮಾರರ ಸಂಘ 1573ರಲ್ಲಿ ಬರೆದಿಟ್ಟ ಖರ್ಚಿನ ಲೆಕ್ಕದಲ್ಲಿ ಫಾಸ್ಟನ್ ಎಂಬಾತನ ಹೆಸರು ಎರಡು ಸಲ ಬರುತ್ತದೆ. ಯೂದನನ್ನು ನೇಣಿಗೆ ಹಾಕಿದ್ದಕ್ಕೆ ಅವನಿಗೆ ನಾಲ್ಕು ಪೆನ್ನಿ. ಕೋಳಿಯ ಕೂಗು ಕೂಗಿದ್ದಕ್ಕೆ ಇನ್ನೊಂದು ನಾಲ್ಕು ಪೆನ್ನಿ. ಯೇಸುವಿನ ಕೊನೆಯ ದಿನಗಳ ಆಟ ಅದು. ಯೇಸುವನ್ನು ತಾನು ಅರಿಯೆನೆಂದು ಪೇತ್ರ ಮೂರು ಸಲ ಹೇಳಿದ ಮೇಲೆ ಕೋಳಿ ಕೂಗಲೇಬೇಕಲ್ಲ! ಅದೇ ಊರಿನ ಬಟ್ಟೆ ವರ್ತಕರ ಲೆಕ್ಕದಲ್ಲಿ ನರಕದ ಬಾಯಲ್ಲಿ ಬೆಂಕಿ ಆರದಂತೆ ನೋಡಿಕೊಂಡವನ ಕೂಲಿ ಇದೆ, ಲೋಕಕ್ಕೆ ಬೆಂಕಿ ಹಚ್ಚಿದ್ದಕ್ಕೆ ಐದು ಪೆನ್ನಿಯೂ ಇದೆ. ಇಂಗ್ಲಿಷ್ ರಂಗಭೂಮಿಯ ಹುಟ್ಟನ್ನು ತಿಳಿಯಲು ಇಂಥ ಲೆಕ್ಕದ ಪುಸ್ತಕಗಳಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ನಮಗೆ ಇಂಗ್ಲಿಷ್ ನಾಟಕ ಪರಿಚಯವಾದದ್ದು ಮುಖ್ಯವಾಗಿ ಷೇಕ್ಸ್‌ಪಿಯರನ ಮೂಲಕ. ಬಸವಪ್ಪ ಶಾಸ್ತ್ರಿಗಳು ‘ಒಥೆಲೊ’ವನ್ನು ‘ಶೂರಸೇನ ಚರಿತ್ರೆ’ಯಾಗಿಸಿದರು, ಕುವೆಂಪು ‘ಹ್ಯಾಮ್ಲೆಟ್’ ಆಧರಿಸಿ ‘ರಕ್ತಾಕ್ಷಿ’ ಬರೆದರು. ಹೀಗಾಗಿ ಮಹಾಕವಿಯೊಬ್ಬನ ಲೇಖನಿಯಿಂದಲೇ ಆ ರಂಗಭೂಮಿ ಹುಟ್ಟಿಬಂತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅವನು ಬಂದದ್ದು ತೀರಾ ತಡವಾಗಿ. ಅಷ್ಟರೊಳಗೆ ಬಡಗಿಗಳು, ಕಮ್ಮಾರರು, ಮೊಳೆ ಮಾಡುವವರು, ರೊಟ್ಟಿ ಸುಡುವವರು ಸುಮಾರು ಎರಡು ಶತಮಾನ ಆ ರಂಗವನ್ನು ಸಾಕಿ ಸಲಹಿದ್ದರು.

ಮೊದಲ ಹೆಜ್ಜೆ ಇಟ್ಟದ್ದು ಚರ್ಚಿನೊಳಗೆ, ಲ್ಯಾಟಿನ್ ಭಾಷೆಯಲ್ಲಿ. ವಿಂಚೆಸ್ಟರಿನ ಬಿಷಪ್ ಎಥೆಲ್‌ವೋಲ್ಡ್ ಸುಮಾರು 970ರಲ್ಲಿ ಸಂನ್ಯಾಸಿಗಳಿಗಾಗಿ ಒಂದು ನಿಯಮಾವಳಿ ಸಿದ್ಧಪಡಿಸಿದ. ಈಸ್ಟರ್ ಬೆಳಗಿನ ಪೂಜೆಯಲ್ಲಿ ಒಬ್ಬ ಸಂನ್ಯಾಸಿ ಬಿಳಿ ಉಡುಪು ಧರಿಸಿ, ಕೈಯಲ್ಲಿ ತಾಳೆಗರಿ ಹಿಡಿದು ಯೇಸುವಿನ ಸಮಾಧಿಯೆನಿಸಿದ ಜಾಗದ ಬಳಿ ಸದ್ದಿಲ್ಲದೆ ಕೂರಬೇಕು. ಮೂವರು ಧೂಪದ ಪಾತ್ರೆ ಹಿಡಿದು, ಏನನ್ನೋ ಹುಡುಕುವವರ ಹಾಗೆ ನಿಧಾನವಾಗಿ ಹೆಜ್ಜೆ ಹಾಕುತ್ತ ಬರಬೇಕು. ಯಾರನ್ನು ಹುಡುಕುತ್ತಿದ್ದೀರಿ ಎಂದು ಬಿಳಿಯುಡುಪಿನವನು ಕೇಳುತ್ತಾನೆ, ಅವರು ಉತ್ತರ ಕೊಡುತ್ತಾರೆ. ಪೂಜೆಯ ವಿಧಿಯೊಂದರಲ್ಲಿ ‘ಹುಡುಕುವವರ ಹಾಗೆ’ ನಡೆಯಬೇಕೆಂಬ ಸೂಚನೆ ಸೇರಿಕೊಂಡ ಆ ಗಳಿಗೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಅಭಿನಯ ಶುರುವಾಗಿದೆ.

ಆ ಆಟ ಇಂಗ್ಲಿಷ್ ಮಾತಾಡುತ್ತ ಊರಿನ ಬೀದಿಗೆ ಬರಲು ಒಂದು ಹಬ್ಬ ನೆವವಾಯಿತು. ಪೋಪ್ ನಾಲ್ಕನೆಯ ಅರ್ಬನ್ 1264ರಲ್ಲಿ ಕಾರ್ಪಸ್ ಕ್ರಿಸ್ಟಿ ಹಬ್ಬವನ್ನು ಘೋಷಿಸಿದ. ಅದು ಬೀಳುವುದು ಮೇ ಕೊನೆಯಲ್ಲಿ ಅಥವಾ ಜೂನ್‌ನಲ್ಲಿ, ಇಂಗ್ಲೆಂಡಿನಲ್ಲಿ ಹಗಲು ದೀರ್ಘವಾಗಿರುವ ಕಾಲದಲ್ಲಿ. ಯಾರ್ಕ್ ನಗರದಲ್ಲಿ ಲೋಕದ ಸೃಷ್ಟಿಯಿಂದ ಅಂತಿಮ ತೀರ್ಪಿನವರೆಗಿನ ಕಥೆಯನ್ನು ಸುಮಾರು 48 ಪ್ರಸಂಗಗಳಾಗಿ ಹಂಚಿ, ಒಂದೊಂದನ್ನು ಒಂದೊಂದು ಕಸುಬಿನ ಸಂಘಕ್ಕೆ ಒಪ್ಪಿಸಿದ್ದರು. ನೋಹ ನಾವೆ ಕಟ್ಟುವ ಪ್ರಸಂಗ ಹಡಗು ಕಟ್ಟುವವರದು. ಜಲಪ್ರಳಯ ಮೀನುಗಾರರದು ಮತ್ತು ನಾವಿಕರದು. ಯೇಸುವಿನ ಕೊನೆಯ ಭೋಜನ ರೊಟ್ಟಿ ಸುಡುವವರ ಪಾಲು. ಗಾಲಿಯ ಬಂಡಿಗಳ ಮೇಲೆ ರಂಗ ಕಟ್ಟಿ, ಒಂದು ಕಡೆ ಆಡಿ ಮುಗಿಸಿ ಮುಂದಿನ ಜಾಗಕ್ಕೆ ಎಳೆದುಕೊಂಡು ಹೋಗುತ್ತಿದ್ದರು. ಸಾಮಾನ್ಯವಾಗಿ ಹನ್ನೆರಡು ಜಾಗಗಳಲ್ಲಿ ಆಟ. ಬೆಳಗಿನ ನಾಲ್ಕೂವರೆಗೆಲ್ಲ ಆಟಗಾರರು ಸಿದ್ಧರಿರಬೇಕೆಂದು ನಗರದ ಕಟ್ಟಪ್ಪಣೆ ಇತ್ತು. 1476ರಲ್ಲಿ ನಗರಸಭೆ ಇನ್ನೂ ಮುಂದೆ ಹೋಯಿತು: ಕಸುಬು ಬಲ್ಲ ಆಟಗಾರರು ಮೊದಲೇ ಎಲ್ಲರನ್ನೂ ಪರೀಕ್ಷಿಸಬೇಕು, ಜಾಣ್ಮೆ, ದನಿ, ಮೈಕಟ್ಟು ಸಾಲದವರನ್ನು ಕೈಬಿಡಬೇಕು.

ಅಂತಿಮ ತೀರ್ಪಿನ ಪ್ರಸಂಗ ಸಿರಿವಂತ ವರ್ತಕರದ್ದು. ಅವರು 1433ರಲ್ಲಿ ಬರೆಸಿದ ಸಾಮಾನಿನ ಪಟ್ಟಿ ಉಳಿದುಬಂದಿದೆ. ನಾಲ್ಕು ಗಾಲಿಯ ಬಂಡಿ, ನರಕದ ಬಾಯಿ, ದೆವ್ವಗಳ ಮುಖವಾಡಗಳು. ಜೊತೆಗೆ ಕೆಂಪು ಬಳಿದ ಒಂಬತ್ತು ಪುಟ್ಟ ದೇವದೂತರ ಬೊಂಬೆಗಳು, ಅವು ಸ್ವರ್ಗದಲ್ಲಿ ಓಡಾಡುವಂತೆ ಎಳೆಯಲು ಉದ್ದನೆಯ ತೆಳು ದಾರ. ಪಟ್ಟಿ ಬರೆದವನು ಆ ದಾರವನ್ನೂ ಮರೆತಿಲ್ಲ.

ಯಾರ್ಕಿನ ಪ್ರಸಂಗಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಯೇಸುವನ್ನು ಶಿಲುಬೆಗೆ ಏರಿಸುವ ಆಟ. ಅದನ್ನು ಆಡುತ್ತಿದ್ದವರು ಮೊಳೆ ಮಾಡುವವರು. ಬರೆದವನ ಹೆಸರು ಉಳಿದಿಲ್ಲ. ನಾಲ್ವರು ಸೈನಿಕರು ಒಂದು ಕೆಲಸ ವಹಿಸಿಕೊಂಡಿದ್ದಾರೆ, ಅದನ್ನು ಮುಗಿಸಬೇಕು. ಅವರ ಮಾತೆಲ್ಲ ಅಷ್ಟೇ. ಶಿಲುಬೆಯಲ್ಲಿ ಕೊರೆದ ತೂತುಗಳು ಅಳತೆ ತಪ್ಪಿವೆ, ಕೈ ಅಲ್ಲಿಗೆ ಮುಟ್ಟುತ್ತಿಲ್ಲ. ಹಗ್ಗ ಕಟ್ಟಿ ಎಳೆಯುತ್ತಾರೆ. ಎತ್ತುವಾಗ ಭುಜ ನೋಯುತ್ತದೆಂದು ಗೊಣಗುತ್ತಾರೆ, ಒಬ್ಬರನ್ನೊಬ್ಬರು ಬೈಯುತ್ತಾರೆ. ನೆಟ್ಟ ಮೇಲೆ ಗುಳಿ ದೊಡ್ಡದಾಗಿ ಮರ ಅಲುಗಾಡುತ್ತದೆ, ಬೆಣೆ ಬಡಿಯುತ್ತಾರೆ. ಯೇಸುವನ್ನು ಮಲಗಿಸಿ ಮೊಳೆ ಹೊಡೆಯುವಷ್ಟು ಹೊತ್ತು ಬೀದಿಯಲ್ಲಿ ನಿಂತವರ ಗಮನವೆಲ್ಲ ಕೆಲಸಗಾರರ ಮೇಲೆ. ಬಳಿಕ ಶಿಲುಬೆ ಮೇಲೇಳುತ್ತದೆ, ಯೇಸು ಹಾದಿಹೋಕರನ್ನು ಕರೆದು ಮಾತಾಡುತ್ತಾನೆ. ಆ ಮಾತು ಬೀಳುವುದು ಅಷ್ಟು ಹೊತ್ತು ಮೊಳೆ ಸರಿಯಾಗಿ ಕೂತಿತೇ ಎಂದು ನೋಡುತ್ತಿದ್ದವರ ಕಿವಿಗೆ. ದಿನವಿಡೀ ಮೊಳೆ ಬಡಿಯುವವರ ಬಾಯಲ್ಲಿ ಈ ಮಾತುಗಳನ್ನು ಇಟ್ಟ ಆ ಅನಾಮಿಕನನ್ನು ದೊಡ್ಡ ನಾಟಕಕಾರನೆಂದು ಕರೆಯಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಸಂಘದ ಹಣದಲ್ಲಿ ನಡೆಯುತ್ತಿದ್ದ ಆಟ ನೋಡುಗರ ಹಣದಲ್ಲಿ ನಡೆಯತೊಡಗಿದ್ದರ ಸುಳಿವು ‘ಮ್ಯಾನ್‌ಕೈಂಡ್’ ಎಂಬ ನೀತಿನಾಟಕದಲ್ಲಿದೆ. ಕಾಲ ಸುಮಾರು 1470. ಟಿಟಿವಿಲಸ್ ಎಂಬ ದೆವ್ವ ಇನ್ನೇನು ಬರಬೇಕು, ಅಷ್ಟರಲ್ಲಿ ಆಟ ನಿಲ್ಲಿಸಿ ಕಾಸು ಎತ್ತುತ್ತಾರೆ. ದುಡ್ಡು ಬಿದ್ದರೆ ದೆವ್ವ ಬರುತ್ತದೆ! ಅದೇ ಶತಮಾನದ ಕೊನೆಯಲ್ಲಿ ಹೆನ್ರಿ ಮೆಡ್ವಾಲ್ ದೊಡ್ಡವರ ಭೋಜನದ ಹಜಾರಕ್ಕಾಗಿ ಬೈಬಲ್ಲಿನ ಹಂಗಿಲ್ಲದ ನಾಟಕ ಬರೆದ. 1560ರ ದಶಕದ ಆರಂಭದಲ್ಲಿ ಲಂಡನ್ನಿನ ಕಾನೂನು ವಿದ್ಯಾಲಯದ ಇಬ್ಬರು ಬರೆದ ‘ಗೊರ್ಬೊಡಕ್’ ಪ್ರಾಸವಿಲ್ಲದ ಪದ್ಯವನ್ನು ರಂಗಕ್ಕೆ ತಂದಿತು. ನಾಟಕವಾಗಿ ಅದು ಒಣಕಲು. ಛಂದಸ್ಸು ಮಾತ್ರ ಮುಂದಿನವರಿಗೆ ಆಸ್ತಿಯಾಯಿತು.

ಬಂಡಿಯ ಆಟಗಳು ಜನರಿಗೆ ಬೇಸರವಾಗಿ ನಿಂತವಲ್ಲ, ನಿಲ್ಲಿಸಲ್ಪಟ್ಟವು. ಪ್ರಾಟೆಸ್ಟಂಟ್ ಆಳ್ವಿಕೆಯಲ್ಲಿ ಕಾರ್ಪಸ್ ಕ್ರಿಸ್ಟಿ ಹಬ್ಬವೇ ರದ್ದಾಯಿತು, ಆಟಗಳ ಮೇಲೆ ಕಣ್ಣು ಬಿತ್ತು. ಯಾರ್ಕಿನಲ್ಲಿ ಕೊನೆಯ ಆಟ 1569ರಲ್ಲಿ, ಚೆಸ್ಟರಿನಲ್ಲಿ 1575ರಲ್ಲಿ, ಕವೆಂಟ್ರಿಯಲ್ಲಿ 1579ರಲ್ಲಿ.

ಊರೂರು ತಿರುಗಿ ಆಡುತ್ತಿದ್ದ ವೃತ್ತಿ ನಟರಿಗೂ ಕುತ್ತು ಬಂದಿತ್ತು. 1572ರ ಕಾನೂನಿನ ಪ್ರಕಾರ ದೊಡ್ಡ ಮನೆತನದ ಆಶ್ರಯವಿಲ್ಲದ ನಟ ಅಲೆಮಾರಿಯೆಂದು ಶಿಕ್ಷೆಗೆ ಗುರಿ. ಲೆಸ್ಟರ್ ಪ್ರಭುವಿನ ಆಶ್ರಯದ ತಂಡದಲ್ಲಿ ಜೇಮ್ಸ್ ಬರ್ಬೇಜ್ ಎಂಬಾತನಿದ್ದ. ಮೂಲ ಕಸುಬು ಬಡಗಿಯದು. 1576ರಲ್ಲಿ ಅವನು ದಿನಸಿ ವರ್ತಕನಾಗಿದ್ದ ತನ್ನ ಭಾವಮೈದುನ ಜಾನ್ ಬ್ರೇನ್‌ನ ಹಣ ಹಾಕಿಸಿ, ಲಂಡನ್ ಆಡಳಿತದ ಕೈಗೆ ಸಿಗದ ಶೋರ್‌ಡಿಚ್‌ನಲ್ಲಿ ಆಟಕ್ಕೆಂದೇ ಮರದ ಕಟ್ಟಡ ಕಟ್ಟಿದ. ಹೆಸರು ‘ದಿ ಥಿಯೇಟರ್’. ಬಾಗಿಲಲ್ಲಿ ಕಾಸು ಕೊಟ್ಟವರಿಗೆ ಒಳಗೆ ಪ್ರವೇಶ. ದಿನವೂ ಜನ ಬರಬೇಕಾದರೆ ಹೊಸ ಹೊಸ ನಾಟಕ ಬೇಕು, ನಾಟಕ ಬೇಕಾದರೆ ಬರೆಯುವವರು ಬೇಕು. ಮಾರ್ಲೊ, ಕಿಡ್, ಷೇಕ್ಸ್‌ಪಿಯರರಿಗೆ ಕೆಲಸ ಹುಟ್ಟಿದ್ದು ಈ ಹಸಿವಿನಿಂದ.

ಜೇಮ್ಸ್ 1597ರಲ್ಲಿ ತೀರಿಕೊಂಡ. ಜಾಗದ ಗುತ್ತಿಗೆಯೂ ಮುಗಿದು ನೆಲದ ಒಡೆಯನೊಂದಿಗೆ ಜಗಳ ಬೆಳೆದಿತ್ತು. ಮರುವರ್ಷದ ಡಿಸೆಂಬರ್ 28ರಂದು ಅವನ ಮಕ್ಕಳು ಪೀಟರ್ ಸ್ಟ್ರೀಟ್ ಎಂಬ ಬಡಗಿಯನ್ನೂ ಆಳುಗಳನ್ನೂ ಕರೆತಂದು ಇಡೀ ರಂಗಮಂದಿರವನ್ನು ಕಳಚಿಸಿದರು. ನೆಲ ಒಡೆಯನದಾದರೂ ಮರ ತಮ್ಮದೆಂಬುದು ಅವರ ವಾದ. ಆ ತೊಲೆಗಳೇ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 1599ರಲ್ಲಿ ‘ಗ್ಲೋಬ್’ ಆಗಿ ಎದ್ದು ನಿಂತವು.

ಷೇಕ್ಸ್‌ಪಿಯರನ ಹುಟ್ಟೂರು ಕವೆಂಟ್ರಿಯಿಂದ ಸುಮಾರು ಮೂವತ್ತು ಕಿಲೋಮೀಟರ್. ಅಲ್ಲಿ ಬಂಡಿಗಳು ಕೊನೆಯ ಸಲ ಉರುಳಿದಾಗ ಅವನಿಗೆ ಹದಿನೈದು ವರ್ಷ. ಕವೆಂಟ್ರಿಯ ದರ್ಜಿಗಳ ಆಟದಲ್ಲಿ ಹೆರೋದ ರಾಜ ಬಂಡಿಯ ಮೇಲೂ ಬಂಡಿಯಿಂದಿಳಿದು ಬೀದಿಯಲ್ಲೂ ಅಬ್ಬರಿಸಬೇಕೆಂಬ ಸೂಚನೆಯಿದೆ. ಹ್ಯಾಮ್ಲೆಟ್ ತನ್ನ ಅರಮನೆಗೆ ಬಂದ ನಟರಿಗೆ ಬುದ್ಧಿ ಹೇಳುವಾಗ, ಹೆರೋದನನ್ನೂ ಮೀರಿಸಿ ಅರಚಬೇಡಿ ಎನ್ನುತ್ತಾನೆ. ಒಂದು ಪೆನ್ನಿ ಕೊಟ್ಟು ಗ್ಲೋಬಿನ ಅಂಗಳದಲ್ಲಿ ನಿಂತವರಲ್ಲಿ ವಯಸ್ಸಾದವರಿಗೆ ಆ ಹೆರೋದನ ನೆನಪಿದ್ದಿರಬೇಕು. ಹ್ಯಾಮ್ಲೆಟ್ ಪಾತ್ರ ಮಾಡುತ್ತಿದ್ದವನು ಜೇಮ್ಸನ ಮಗ ರಿಚರ್ಡ್ ಬರ್ಬೇಜ್.