ನೀರು ಹಾಕುವ ಮೊದಲು ಕುಂಡ ಎತ್ತಿ ನೋಡಿ

ನನ್ನ ಕೈಯಲ್ಲಿ ಸತ್ತ ಗಿಡಗಳಲ್ಲಿ ಬಾಯಾರಿ ಸತ್ತದ್ದು ಒಂದೇ. ಉಳಿದವೆಲ್ಲ ನೀರು ಹೆಚ್ಚಾಗಿಯೇ ಹೋದವು. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಹಾಕಿದರೆ ಆರೈಕೆ ಮುಗಿಯಿತು ಅಂದುಕೊಂಡಿದ್ದೆ. ಊರಿನ ಅಂಗಳದಲ್ಲಿದ್ದ ದಾಸವಾಳಕ್ಕೆ ಅಮ್ಮ ಹಾಗೇ ಮಾಡುತ್ತಿದ್ದರು, ಅದು ಸೊಂಪಾಗಿಯೇ ಇತ್ತು. ಬೆಂಗಳೂರಿನ ಫ್ಲ್ಯಾಟಿನಲ್ಲಿ, ಟಿ.ವಿ. ಪಕ್ಕ ಕೂತ ಗಿಡದ ಲೆಕ್ಕ ಬೇರೆ.

ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ಸಂದಿನಲ್ಲಿರುವ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಆ ಸಂದುಗಳಲ್ಲಿ ನೀರು ನಿಂತರೆ ದಾರಿ ಮುಚ್ಚಿದ ಹಾಗೆಯೇ, ಏಕೆಂದರೆ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಗಟ್ಟಿದ ಬೇರು ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ, ನೀರೆತ್ತುವ ಕೆಲಸ ನಿಲ್ಲಿಸುತ್ತದೆ. ಮೇಲೆ ಎಲೆ ಜೋಲುಬೀಳುತ್ತದೆ. ಬಾಯಾರಿದ ಗಿಡವೂ ನೋಡಲು ಥೇಟ್ ಹಾಗೇ. ನಾವು ‘ಅಯ್ಯೋ ಪಾಪ’ ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ! ಎಲೆ ಬಾಡಿದ್ದೂ ಮಣ್ಣು ಹಸಿಯಾಗಿದ್ದರೆ ನೀರು ಮುಟ್ಟಬೇಡಿ. ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರಾಡುತ್ತಿದ್ದರೆ ಅದೂ ಅತಿ ತೇವದ ಗುರುತು.

ಹಾಗಾದರೆ ಬಾಟಲಿ ನೀರಿನಲ್ಲಿಟ್ಟ ಮನಿ ಪ್ಲಾಂಟ್ ವರ್ಷಗಟ್ಟಲೆ ಹೇಗೆ ಬದುಕುತ್ತದೆ? ಅದರ ಬೇರು ಹುಟ್ಟಿದ್ದೇ ನೀರಿನಲ್ಲಿ, ಅಲ್ಲಿನ ಕಡಿಮೆ ಆಮ್ಲಜನಕಕ್ಕೆ ಒಗ್ಗಿಕೊಂಡೇ ಬೆಳೆದಿರುತ್ತದೆ. ಮಣ್ಣಿನಲ್ಲಿ ಬೆಳೆದ ಬೇರಿಗೆ ಆ ರೂಢಿ ಇಲ್ಲ.

ಗಿಡ ಎಷ್ಟು ಕುಡಿಯುತ್ತದೆ ಅನ್ನುವುದು ಬಹುಪಾಲು ಬೆಳಕಿನ ಮೇಲೆ ನಿಂತಿದೆ. ನಡುಹಗಲ ಬಿಸಿಲಲ್ಲಿ 1 ಲಕ್ಷ ಲಕ್ಸ್ ಆಸುಪಾಸು ಬೆಳಕಿದ್ದರೆ, ಹಾಲ್‌ನ ಮೂಲೆಯಲ್ಲಿ ನೂರಿನ್ನೂರು ಇದ್ದರೆ ದೊಡ್ಡದು. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಗಲು ಹೊತ್ತಿನಲ್ಲಿ ಲೈಟ್ ಆರಿಸಿ, ಗಿಡದ ಪಕ್ಕ ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳೇ ಬೀಳದಿದ್ದರೆ ಗಿಡವನ್ನು ಕಿಟಕಿಯ ಹತ್ತಿರ ಸರಿಸಿ. ಮೋಡ ಮುಸುಕಿದ ಜುಲೈ–ಆಗಸ್ಟಿನಲ್ಲಿ ಏಪ್ರಿಲ್ ತಿಂಗಳ ಲೆಕ್ಕದಲ್ಲಿ ನೀರು ಹಾಕುವುದೂ ತಪ್ಪೇ.

ನೀರು ಯಾವಾಗ ಬೇಕೆಂದು ತಿಳಿಯಲು ವಾರದ ಲೆಕ್ಕ ಬೇಡ, ಕುಂಡ ಎತ್ತಿ. ನೀರುಂಡ ಕುಂಡ ಭಾರ, ಒಣಗಿದ್ದು ಹಗುರ. ನಾಲ್ಕು ಸಲ ಎತ್ತಿದರೆ ಕೈಗೆ ಗೊತ್ತಾಗುತ್ತದೆ. ಎತ್ತಲಾಗದಷ್ಟು ದೊಡ್ಡದಾದರೆ ಎರಡು ಗೆಣ್ಣು ಮುಳುಗುವಷ್ಟು ಬೆರಳು ಇಳಿಸಿ ನೋಡಿ. ಹಾಕುವಾಗ ಮಾತ್ರ ಜಿಪುಣತನ ಬೇಡ. ತಳದ ತೂತಿನಿಂದ ಸೋರುವಷ್ಟು ಹಾಕಿ, ಅಡಿ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಚೆಂದಕ್ಕೆಂದು ಪಿಂಗಾಣಿ ಕುಂಡದೊಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡ ಇಳಿಸಿಟ್ಟು, ಒಳಗೆ ಮೂರಿಂಚು ನೀರು ನಿಂತದ್ದು ನನಗೆ ತಿಳಿದದ್ದು ವಾಸನೆ ಬಂದ ಮೇಲೆ.

ನರ್ಸರಿ ಕುಂಡಗಳಲ್ಲಿ ಹೆಚ್ಚಾಗಿ ಕೋಕೋಪೀಟ್ ಇರುತ್ತದೆ. ಅದು ಪೂರ್ತಿ ಒಣಗಿದರೆ ಕುಗ್ಗಿ, ಹಾಕಿದ ನೀರು ಅಂಚಿನಲ್ಲೇ ಜಾರಿಹೋಗುತ್ತದೆ, ನಡುವಿನ ಬೇರಿಗೆ ಹನಿಯೂ ಮುಟ್ಟುವುದಿಲ್ಲ. ಬಾಯಾರಿ ಸತ್ತ ಆ ಒಂದು ಗಿಡದ ಕತೆ ಇದೇ. ಹಾಗಾದಾಗ ಕುಂಡವನ್ನು ನೀರಿರುವ ಬಕೆಟ್ಟಿನಲ್ಲಿ ಅರ್ಧ ಗಂಟೆ ಕೂರಿಸಿ ತೆಗೆಯಿರಿ. ಮರುನೆಡುವಾಗ ಕೆಂಪು ಮಣ್ಣು, ಕೋಕೋಪೀಟ್, ಗೊಬ್ಬರದ ಜೊತೆಗೆ ಒಂದು ಪಾಲು ದಪ್ಪ ಮರಳು ಬೆರೆಸಿ. ತಳಕ್ಕೆ ಜಲ್ಲಿ ಹಾಸುವುದರಿಂದ ಏನೂ ಉಪಯೋಗವಿಲ್ಲ. ಸಣ್ಣ ಕಣದ ಮಣ್ಣು ತೊಯ್ದು ತುಂಬುವ ತನಕ ನೀರು ಜಲ್ಲಿಗೆ ಇಳಿಯುವುದಿಲ್ಲ, ಹೀಗಾಗಿ ಕೆಸರು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತೂತಿನ ಮೇಲೊಂದು ಹಂಚಿನ ಚೂರು ಸಾಕು.

ಮೊದಲ ಗಿಡ ಕೊಳ್ಳುವವರು ಜೀಜೀ ಪ್ಲಾಂಟ್ ತನ್ನಿ. ಮಣ್ಣಿನಡಿಯ ಗೆಡ್ಡೆಗಳಲ್ಲಿ ಅದು ನೀರು ಕೂಡಿಟ್ಟುಕೊಂಡಿರುತ್ತದೆ. ಮೂರು ವಾರ ಊರಿಗೆ ಹೋಗುವುದಿದ್ದರೂ ಧೈರ್ಯವಾಗಿ ಹೋಗಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಗಿಡಕ್ಕೆ ನೀರು ಹಾಕಿ ಎಂದು ಮಾತ್ರ ಹೇಳಬೇಡಿ.