ಮೊದಲ ಬಾರಿ ಮೇಳಕ್ಕೆ ಹೊರಡುವ ಮುನ್ನ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಮನೆಗಳಲ್ಲಿ ಹೂಬತ್ತಿ, ಬಾಗಿಲ ತೋರಣ, ತೆಂಗಿನ ನಾರಿನ ಕಾಲೊರಸು, ಕೈಚೀಲಗಳನ್ನು ಮಾಡಬಲ್ಲ ಶರಣೆಯರಿಗೆ ಕೊರತೆಯಿಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದ ಮೇಲಂತೂ ಸ್ವಸಹಾಯ ಗುಂಪುಗಳವರು ಮೇಳಗಳಿಗೂ ಹೊರಟರು. ಮೊದಲ ಸಲ ಹೊರಡುವವರನ್ನು ಕಾಡುವುದು ವಸ್ತುವಿನ ಅಂದವಲ್ಲ, ಅದರ ಬೆಲೆ.

ನೂಲು, ಬಟ್ಟೆ, ಬಸ್ಸಿನ ಖರ್ಚನ್ನು ಎಲ್ಲರೂ ಬರೆದಿಡುತ್ತಾರೆ; ಸ್ವಂತ ದುಡಿಮೆಯನ್ನು ಮಾತ್ರ ಮರೆಯುತ್ತಾರೆ. ಒಂದು ಚೀಲಕ್ಕೆ 80 ರೂಪಾಯಿಯ ಸಾಮಗ್ರಿ, ಮೂರು ಗಂಟೆಯ ಹೊಲಿಗೆ ಎನ್ನಿ. ಗಂಟೆಗೆ 40 ರೂಪಾಯಿ ಹಿಡಿದರೂ 200 ಆಯಿತು. ಅದನ್ನು 120ಕ್ಕೆ ಕೊಟ್ಟು 40 ರೂಪಾಯಿ ಲಾಭವೆಂದು ಹಿಗ್ಗುವವರುಂಟು. ಬಿಡುವಿನಲ್ಲಿ ಮಾಡಿದ್ದಲ್ಲವೆ ಎಂದು ಮನೆಯವರೂ ಹೇಳುತ್ತಾರೆ. ಗೃಹಿಣಿಗೆ ಬಿಡುವೆಂಬುದು ಎಲ್ಲಿದೆಯೋ!

ಶರಣ ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದ ಹಣದಿಂದ ಜಂಗಮ ದಾಸೋಹ ನಡೆಸಿದರು. ಲಿಂಗದಿಂದಲೇ ಹಗ್ಗ ಮಾರಿಸಿದರೆಂಬ ಐತಿಹ್ಯವೂ ಉಂಟು. ಹೀಗಿರುವಾಗ ನಾವು ಬೆಲೆ ಹೇಳಲು ಸಂಕೋಚಪಡುವುದೇಕೆ?

ಸಾಧ್ಯವಾದರೆ ಒಂದು ವರ್ಷ ಮುಂಚಿತವಾಗಿಯೇ ಸುತ್ತೂರು ಇಲ್ಲವೆ ಸಿದ್ಧಗಂಗೆಯ ಜಾತ್ರೆಯ ವಸ್ತುಪ್ರದರ್ಶನವನ್ನು ಸುತ್ತಿ ಬರುವುದು ಲೇಸು. ಪ್ರತಿ ವಸ್ತುವಿಗೂ ಬೆಲೆಚೀಟಿ ಇರಲಿ. ಮೊಬೈಲಿನಲ್ಲಿ ಹಣ ಪಡೆಯುವ ಏರ್ಪಾಡಿದ್ದರೂ ಹತ್ತು, ಇಪ್ಪತ್ತರ ನೋಟುಗಳನ್ನು ಹಿಂದಿನ ದಿನವೇ ಕೂಡಿಸಿಟ್ಟುಕೊಳ್ಳಬೇಕು; ಹೂಬತ್ತಿ ಕೊಳ್ಳುವ ಅಜ್ಜಿಯರು ಕೊಡುವುದು ಐನೂರರ ನೋಟನ್ನೇ.